ಕುದುರೆ ಪೇಸ್ಟು, ದನದ ಗುಳಿಗೆ, ನಾಯಿಯ ಮಾತ್ರೆ: ನಾವು ಯಾಕೆ ನುಂಗಬಾರದು

(ಹೈನುಗಾರರು ಮತ್ತು ನಾಯಿ ಸಾಕುವವರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಹಸುವಿಗೆ ಇಂಜೆಕ್ಷನ್ ಕೊಟ್ಟು ಚೀಟಿ ಬರೆಯುವಷ್ಟರಲ್ಲಿ ಯಜಮಾನರು ಮೆಲ್ಲಗೆ ಕೇಳುತ್ತಾರೆ: "ಡಾಕ್ಟ್ರೇ, ನನಗೂ ಮಂಡಿ ನೋವು. ಇದನ್ನೇ ಒಂಚೂರು ನಾನೂ ತಗೊಂಡ್ರೆ ಆಗಲ್ವಾ?" ಹೀಗೆ ಕೇಳುವವರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಕೇಳದೆ ತಗೊಳ್ಳುವವರ ಬಗ್ಗೆ ಇದೆ. ಇವತ್ತಿನ ಮಾತು ಇಬ್ಬರಿಗೂ.

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡೋಣ. ಪ್ರಾಣಿಗಳ ಔಷಧಿ, ಮನುಷ್ಯರ ಔಷಧಿ ಪೂರ್ತಿ ಬೇರೆ ಬೇರೆ ಅಲ್ಲ. ದನದ ನೋವಿಗೆ ಕೊಡುವ ಮೆಲಾಕ್ಸಿಕಾಂ ನಮಗೂ ಇದೆ. ಸೋಂಕಾದರೆ ನಾಯಿಗೆ ಕೊಡುವ ಅಮಾಕ್ಸಿಸಿಲಿನ್ ನಮ್ಮ ಮಕ್ಕಳಿಗೂ ಕೊಡುತ್ತಾರೆ. ಜಂತುಹುಳುವಿನ ಆಲ್ಬೆಂಡಜೋಲ್ ಕೊಟ್ಟಿಗೆಯಲ್ಲೂ ಇದೆ, ಅಂಗನವಾಡಿಯಲ್ಲೂ ಇದೆ. ಹಾಗಾಗಿ "ಪ್ರಾಣಿ ಔಷಧಿ ಮುಟ್ಟಿದ್ರೆ ಸತ್ತೇ ಹೋಗ್ತೀರಿ" ಎಂದು ಹೆದರಿಸಿದರೆ ಜನ ನಂಬುವುದಿಲ್ಲ. ಹೆಸರು ಒಂದೇ ಇದ್ದರೂ ಡೋಸು ಬೇರೆ, ಅದನ್ನು ಕಲಸಿರುವ ಪದಾರ್ಥ ಬೇರೆ, ಅದನ್ನು ಅರಗಿಸಿಕೊಳ್ಳುವ ಮೈ ಬೇರೆ. ಅಪಾಯ ಇರುವುದು ಅಲ್ಲಿ. ಇದನ್ನು ಬಿಡಿಸಿ ಹೇಳಲು ಎಲ್ಲರಿಗೂ ಹೆಸರು ಗೊತ್ತಿರುವ, ಹುಳು ಕೊಲ್ಲುವ ಒಂದು ಔಷಧಿಯನ್ನೇ ತಗೊಳ್ಳುತ್ತೇನೆ. ಐವರ್ಮೆಕ್ಟಿನ್.

ಇದು ಹುಟ್ಟಿದ್ದು ಮಣ್ಣಿನಿಂದ. ಜಪಾನಿನ ವಿಜ್ಞಾನಿ ಸತೋಷಿ ಓಮುರಾ ತಮ್ಮ ದೇಶದ ಒಂದು ಗಾಲ್ಫ್ ಮೈದಾನದ ಹತ್ತಿರದ ಮಣ್ಣು ತಂದು, ಅದರಲ್ಲಿದ್ದ ಒಂದು ಸೂಕ್ಷ್ಮಜೀವಿಯನ್ನು ಬೇರ್ಪಡಿಸಿದರು. ಅಮೆರಿಕದ ಮರ್ಕ್ ಕಂಪನಿಯಲ್ಲಿದ್ದ ವಿಲಿಯಂ ಕ್ಯಾಂಪ್‌ಬೆಲ್ ಅದರಿಂದ ಹುಳು ಕೊಲ್ಲುವ ಪದಾರ್ಥ ಹೊರತೆಗೆದರು. 1981ರಲ್ಲಿ ಅದು ಪ್ರಾಣಿಗಳ ಔಷಧಿಯಾಗಿ ಮಾರುಕಟ್ಟೆಗೆ ಬಂತು. ಮನುಷ್ಯರಿಗೆ ಬಂದಿದ್ದು 1987ರಲ್ಲಿ. ಆಫ್ರಿಕಾದಲ್ಲಿ ಲಕ್ಷಾಂತರ ಜನರ ಕಣ್ಣು ಕಳೆದ 'ನದಿ ಕುರುಡು' ರೋಗಕ್ಕೆ ಮರ್ಕ್ ಇದನ್ನು ಪುಕ್ಕಟೆಯಾಗಿ ಕೊಡಲು ಶುರು ಮಾಡಿತು, ಈಗಲೂ ಕೊಡುತ್ತಿದೆ. 2015ರಲ್ಲಿ ಓಮುರಾ ಮತ್ತು ಕ್ಯಾಂಪ್‌ಬೆಲ್ ಇಬ್ಬರಿಗೂ ನೊಬೆಲ್ ಬಂತು. ಹಾಗಾಗಿ ಇದನ್ನು ಬರೀ 'ಕುದುರೆ ಔಷಧಿ' ಎಂದು ಹೀಯಾಳಿಸುವುದು ಸರಿಯಲ್ಲ.

ನಮ್ಮ ಯಾದಗಿರಿಯನ್ನೇ ನೋಡಿ. ಆನೆಕಾಲು ರೋಗ ತಡೆಯಲು ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವ ಯೋಜನೆ ದೇಶದಲ್ಲಿ ಶುರುವಾದಾಗ, ಮೊದಲು ಆಯ್ಕೆಯಾದ ಕೆಲವೇ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಆ ಮೂರರಲ್ಲಿ ಒಂದು ಐವರ್ಮೆಕ್ಟಿನ್. ಅಲ್ಲಿ ಅದನ್ನು ಹೇಗೆ ಕೊಡುತ್ತಾರೆ ಗೊತ್ತಾ? ಗುರುತು ಹಾಕಿದ ಕೋಲಿನ ಪಕ್ಕ ನಿಲ್ಲಿಸಿ ಎತ್ತರ ಅಳೆಯುತ್ತಾರೆ. ಎತ್ತರಕ್ಕೆ ತಕ್ಕಂತೆ 3 ಮಿಲಿಗ್ರಾಂನ ಮಾತ್ರೆ ಒಂದೋ, ಎರಡೋ, ಮೂರೋ, ಹೆಚ್ಚೆಂದರೆ ನಾಲ್ಕೋ. ಐದು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಬಸುರಿಯರಿಗೆ ಇಲ್ಲ. ಹಾಸಿಗೆ ಹಿಡಿದವರಿಗೆ ಇಲ್ಲ. ಆರೋಗ್ಯ ಕಾರ್ಯಕರ್ತೆಯ ಎದುರಿಗೇ ನುಂಗಬೇಕು. ಇಷ್ಟೆಲ್ಲ ನೋಡಿಕೊಂಡಿದ್ದಕ್ಕೇ ಅದು ಊರಿಗೆಲ್ಲ ಹಂಚಬಹುದಾದ ಔಷಧಿಯಾಯಿತು.

ಈಗ ಅಮೆರಿಕಕ್ಕೆ ಹೋಗೋಣ, 2021ಕ್ಕೆ. ಹಿಂದಿನ ವರ್ಷ ಆಸ್ಟ್ರೇಲಿಯಾದ ಒಂದು ಪ್ರಯೋಗಾಲಯದಲ್ಲಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಐವರ್ಮೆಕ್ಟಿನ್ ಹಾಕಿದಾಗ ಕೊರೋನಾ ವೈರಸ್ ಕಡಿಮೆಯಾಗಿತ್ತು. ಆದರೆ ಅಲ್ಲಿ ಹಾಕಿದ ಪ್ರಮಾಣ, ಮಾತ್ರೆ ನುಂಗಿದರೆ ನಮ್ಮ ರಕ್ತದಲ್ಲಿ ಸಿಗುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಈ ಕೊನೆಯ ಮಾತು ಜನರಿಗೆ ಮುಟ್ಟಲೇ ಇಲ್ಲ. ಸಾವಿನ ಸುದ್ದಿ ದಿನಾ ಬರುತ್ತಿತ್ತು, ಜನ ಹೆದರಿದ್ದರು. ವೈದ್ಯರ ಬಳಿ ಚೀಟಿ ಬರೆಸಿಕೊಳ್ಳುವವರು ಏರಿದರು. ಕೊರೋನಾಕ್ಕೆ ಮುಂಚೆ ವಾರಕ್ಕೆ ಸರಾಸರಿ 3,600 ಚೀಟಿಗಳಿದ್ದ ಕಡೆ, 2021ರ ಆಗಸ್ಟ್‌ನ ಒಂದೇ ವಾರದಲ್ಲಿ 88,000 ದಾಟಿತು. ಚೀಟಿ ಸಿಗದವರು ದನ-ಕುದುರೆಗಳ ಮೇವು ಮಾರುವ ಅಂಗಡಿಗೆ ಹೋದರು. ಅಲ್ಲಿ ಕುದುರೆಗೆ ಕೊಡುವ ಪೇಸ್ಟು ಚೀಟಿಯಿಲ್ಲದೆ ಸಿಗುತ್ತಿತ್ತು.

ಆ ಪೇಸ್ಟಿನ ಸಿರಿಂಜನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅದರಲ್ಲಿ 6 ಗ್ರಾಂಗಿಂತ ಚೂರು ಜಾಸ್ತಿ ಪೇಸ್ಟು ಇರುತ್ತದೆ. ಕುದುರೆ ಇಷ್ಟಪಟ್ಟು ತಿನ್ನಲಿ ಅಂತ ಸೇಬಿನ ಪರಿಮಳ. ಶೇಕಡಾ 1.87 ಐವರ್ಮೆಕ್ಟಿನ್. ಅಂದರೆ ಇಡೀ ಸಿರಿಂಜಿನಲ್ಲಿ ಸುಮಾರು 113 ಮಿಲಿಗ್ರಾಂ. ಅದು ಸುಮಾರು 567 ಕಿಲೋ ತೂಕದ ಕುದುರೆಗೆ ಲೆಕ್ಕ ಹಾಕಿದ್ದು. ಅರವತ್ತು ಕಿಲೋ ತೂಗುವ ಮನುಷ್ಯನಿಗೆ ಹುಳುವಿನ ರೋಗಕ್ಕೆ ವೈದ್ಯರು ಕೊಡುವುದು ಸುಮಾರು 12 ಮಿಲಿಗ್ರಾಂ. ಇನ್ನು ಒತ್ತುವ ಕಡ್ಡಿಯ ಮೇಲೆ ಗುರುತುಗಳಿವೆ. ಒಂದು ಗುರುತಿನಷ್ಟು ಒತ್ತಿದರೆ ಸುಮಾರು 113 ಕಿಲೋ ತೂಕಕ್ಕೆ ಸಾಕಾಗುವಷ್ಟು ಬರುತ್ತದೆ. ಅಂದರೆ 22 ಮಿಲಿಗ್ರಾಂ ಮೀರಿ. "ಒಂದೇ ಒಂದು ಗುರುತು ತಗೊಂಡೆ, ಅಷ್ಟೇ" ಅನ್ನುವವರೂ ಆಗಲೇ ಹೆಚ್ಚುಕಮ್ಮಿ ಎರಡು ಪಟ್ಟು ತಗೊಂಡಿರುತ್ತಾರೆ. ಇಡೀ ಸಿರಿಂಜು ಖಾಲಿ ಮಾಡಿದರೆ ಒಂಬತ್ತು ಪಟ್ಟಿಗೂ ಜಾಸ್ತಿ.

ಇಲ್ಲಿ ಕೆಲವರು ಬುದ್ಧಿವಂತಿಕೆಯ ಪ್ರಶ್ನೆ ಕೇಳುತ್ತಾರೆ. "ಕಿಲೋ ಲೆಕ್ಕದಲ್ಲಿ ಕುದುರೆಗೂ ಮನುಷ್ಯನಿಗೂ ಡೋಸು ಒಂದೇ ಅಲ್ವಾ? ಭಾಗಾಕಾರ ಮಾಡಿ ತಗೊಂಡ್ರಾಯ್ತು." ಐವರ್ಮೆಕ್ಟಿನ್ ವಿಷಯದಲ್ಲಿ ಕಿಲೋ ಲೆಕ್ಕ ಹತ್ತಿರ ಹತ್ತಿರ ಒಂದೇ, ನಿಜ. ಆದರೆ ಪೇಸ್ಟನ್ನು ಮನುಷ್ಯನ ಡೋಸಿಗೆ ಅಳೆಯುವಂತೆ ಆ ಸಿರಿಂಜು ಮಾಡಿಲ್ಲ. ಹುಳುವಿಗೆ ಸಾಮಾನ್ಯವಾಗಿ ಒಂದೇ ಸಲ ಕೊಡುವ ಔಷಧಿಯನ್ನು ಆಗ ಜನ ದಿನಾ ದಿನಾ, ವಾರಗಟ್ಟಲೆ ತಗೊಂಡರು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ಎರಡೂ ಸೇರಿ ಎಡವಟ್ಟಾಗಬಹುದು. ಪೇಸ್ಟಿಗೆ ಸೇರಿಸಿದ ಬೇರೆ ಪದಾರ್ಥಗಳನ್ನು ಮನುಷ್ಯರ ಮೇಲೆ ಆ ರೂಪದಲ್ಲಿ ಯಾರೂ ಪರೀಕ್ಷೆ ಮಾಡಿಲ್ಲ.

ಇನ್ನೊಂದು ವಿಷಯ. ಐವರ್ಮೆಕ್ಟಿನ್ ಮಿದುಳಿಗೆ ಹೋಗದಂತೆ ತಡೆಯುವ ಒಂದು ಪ್ರೋಟೀನು ನಮ್ಮ ಮೈಯಲ್ಲಿದೆ. ಕೋಲಿ ಜಾತಿಯ ಅನೇಕ ನಾಯಿಗಳಲ್ಲಿ ಹುಟ್ಟಿನಿಂದಲೇ ಅದು ಸರಿಯಿರುವುದಿಲ್ಲ. ಬೇರೆ ನಾಯಿಗೆ ಏನೂ ಮಾಡದ ಡೋಸಿಗೆ ಅವು ತೂರಾಡುತ್ತವೆ, ಕಣ್ಣು ಕಾಣದಂತಾಗುತ್ತವೆ, ಕೋಮಾಕ್ಕೆ ಹೋಗುತ್ತವೆ. ಮನುಷ್ಯರಲ್ಲಿ ಡೋಸು ಮಿತಿ ಮೀರಿದರೆ ಆ ತಡೆಗೋಡೆಯನ್ನೂ ದಾಟಿ ಔಷಧಿ ಮಿದುಳು ಮುಟ್ಟುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಆ ಆಗಸ್ಟ್‌ನಲ್ಲಿ ವೈದ್ಯರಿಗೆ ಕಳಿಸಿದ ಎಚ್ಚರಿಕೆಯಲ್ಲಿ ಒಬ್ಬರ ಕಥೆಯಿದೆ. ಕೊರೋನಾ ಬರದಿರಲಿ ಅಂತ ದನಕ್ಕೆ ಚುಚ್ಚುವ ಐವರ್ಮೆಕ್ಟಿನ್ ದ್ರಾವಣವನ್ನು ಅವರು ಕುಡಿದರು. ಆಸ್ಪತ್ರೆಗೆ ಬಂದಾಗ ಗೊಂದಲ, ಮಂಪರು, ಇಲ್ಲದ್ದು ಕಣ್ಣಿಗೆ ಕಾಣುವುದು, ಏದುಸಿರು, ನಡುಕ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡರು.

ಅದೇ ತಿಂಗಳ 21ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, "ನೀವು ಕುದುರೆಯಲ್ಲ, ಹಸುವೂ ಅಲ್ಲ, ಸಾಕು ನಿಲ್ಲಿಸಿ" ಎಂಬ ಅರ್ಥದ ಟ್ವೀಟ್ ಹಾಕಿತು. ಅದು ಜಗತ್ತಿಗೇ ಹರಡಿತು. ನನಗೆ ಅದು ಹಿಡಿಸಲಿಲ್ಲ. ಹೇಳಿದ ವಿಷಯ ಸರಿಯಿತ್ತು, ದನಿ ಸರಿಯಿರಲಿಲ್ಲ. ಹೆದರಿದವರನ್ನು ನೋಡಿ ನಕ್ಕರೆ ಅವರು ನಮ್ಮ ಕಡೆ ಬರುವುದಿಲ್ಲ, ಇನ್ನೂ ದೂರ ಹೋಗುತ್ತಾರೆ. ಆಮೇಲೆ ಕೆಲವು ವೈದ್ಯರು ಕೇಸು ಹಾಕಿದರು. 2024ರಲ್ಲಿ ರಾಜಿಯಾಗಿ, ಆ ಪೋಸ್ಟುಗಳನ್ನು ತೆಗೆಯಲು ಸಂಸ್ಥೆ ಒಪ್ಪಿತು. ಹಾಗಂತ ಔಷಧಿ ಕೊರೋನಾಕ್ಕೆ ಕೆಲಸ ಮಾಡುತ್ತದೆ ಎಂದು ಅರ್ಥವಲ್ಲ. ಬ್ರೆಜಿಲ್‌ನಲ್ಲಿ 1,358 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು. ಐವರ್ಮೆಕ್ಟಿನ್ ಕೊಟ್ಟಿದ್ದರಿಂದ ಆಸ್ಪತ್ರೆ ಸೇರುವುದೇನೂ ಕಡಿಮೆಯಾಗಿರಲಿಲ್ಲ.

ಕಿಲೋ ಲೆಕ್ಕ ಯಾಕೆ ಸಾಲದು ಅನ್ನುವುದಕ್ಕೆ ಇನ್ನೂ ಚೆನ್ನಾದ ಉದಾಹರಣೆ ಥೈರಾಯ್ಡ್ ಮಾತ್ರೆ. ಈಗ ಊರಿನಲ್ಲಿ ಲ್ಯಾಬ್ರಡಾರ್ ಇರುವ ಮನೆಗಳು ಬಹಳ. ಥೈರಾಯ್ಡ್ ಕಡಿಮೆಯಾಗಿ ಮಂಕಾಗಿ, ಕೂದಲು ಉದುರಿ ಬರುವ ನಾಯಿಗಳೂ ಬಹಳ. ಅದಕ್ಕೆ ಕೊಡುವುದು ಲಿವೊಥೈರಾಕ್ಸಿನ್. ನಿಮ್ಮ ಮನೆಯಾಕೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವುದೂ ಅದೇ. ಆದರೆ ಅರವತ್ತು ಕಿಲೋ ತೂಗುವ ಹೆಂಗಸಿಗೆ ದಿನಕ್ಕೆ ಸುಮಾರು 100 ಮೈಕ್ರೋಗ್ರಾಂ ಸಾಕು. ಮೂವತ್ತು ಕಿಲೋ ನಾಯಿಗೆ ಒಂದು ಹೊತ್ತಿಗೆ 600, ದಿನಕ್ಕೆ ಎರಡು ಹೊತ್ತು. ನಾಯಿಯ ಕರುಳು ಅದನ್ನು ಕಮ್ಮಿ ಹೀರಿಕೊಳ್ಳುತ್ತದೆ, ಮೈ ಬೇಗ ಹೊರಹಾಕುತ್ತದೆ. ತೂಕದಲ್ಲಿ ಅರ್ಧ, ಔಷಧಿಯಲ್ಲಿ ಹನ್ನೆರಡು ಪಟ್ಟು! "ನಂದು ಮುಗಿದಿದೆ, ಟಾಮಿದೇ ಒಂದು ವಾರ ತಗೋತೀನಿ" ಅಂದರೆ ಎದೆ ಡವಗುಟ್ಟಲು, ಕೈ ನಡುಗಲು ಜಾಸ್ತಿ ದಿನ ಬೇಕಾಗಿಲ್ಲ. ಹೃದಯದ ತೊಂದರೆ ಇರುವವರಿಗೆ ಇದು ಪ್ರಾಣಕ್ಕೇ ಬರಬಹುದು.

ಇದು ಎರಡೂ ಕಡೆಗೆ ನಡೆಯುವ ಮಾತು. ನಾವು ತಲೆನೋವಿಗೆ ನುಂಗುವ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಅದನ್ನು ಕರಗಿಸಿ ಹೊರಹಾಕುವ ವ್ಯವಸ್ಥೆ ಬೆಕ್ಕಿನ ಲಿವರ್‌ನಲ್ಲಿ ಸರಿಯಾಗಿಲ್ಲ. ದನಕ್ಕೆ ನೋವು ಕಳೆಯುವ ಡೈಕ್ಲೋಫೆನಾಕ್, ಆ ದನ ಸತ್ತ ಮೇಲೆ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಕೊಂದಿತು. 2006ರಲ್ಲಿ ಭಾರತ ಅದನ್ನು ಪಶುಗಳಿಗೆ ನಿಷೇಧಿಸಿತು. ಆದರೆ ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಗಳನ್ನು ದನಕ್ಕೆ ಚುಚ್ಚುವುದು ಮುಂದುವರಿದಿದ್ದರಿಂದ, 2015ರಲ್ಲಿ ಆ ದೊಡ್ಡ ಬಾಟಲಿಯನ್ನೂ ನಿಲ್ಲಿಸಿ ಒಂದು ಡೋಸಿನ ಸಣ್ಣ ಬಾಟಲಿ ಮಾತ್ರ ಇರಬೇಕು ಎಂದು ಮಾಡಿದರು. ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳ ಕಥೆ ಗೊತ್ತಿರುವವರಿಗೆ ಇದರ ಬೆಲೆ ಏನು ಎಂದು ಹೇಳಬೇಕಾಗಿಲ್ಲ.

ನನಗೆ ಎಲ್ಲಕ್ಕಿಂತ ಸಂಕಟ ಕೊಡುವುದು ಕ್ಯಾನ್ಸರ್ ವಿಷಯ. ನಾಯಿಯ ಜಂತುಹುಳುವಿಗೆ ಫೆನ್‌ಬೆಂಡಜೋಲ್ ಎಂಬ ಔಷಧಿಯಿದೆ. ಅಮೆರಿಕದ ಒಕ್ಲಹೋಮಾದ ಒಬ್ಬರು ಇದನ್ನು ತಗೊಂಡು ತಮ್ಮ ಶ್ವಾಸಕೋಶದ ಕ್ಯಾನ್ಸರ್ ವಾಸಿಯಾಯಿತು ಎಂದರು. ಅವರು ಅದೇ ಸಮಯದಲ್ಲಿ ಒಂದು ಹೊಸ ಕ್ಯಾನ್ಸರ್ ಔಷಧಿಯ ಪರೀಕ್ಷೆಯಲ್ಲೂ ಇದ್ದರು. ವಾಸಿಯಾಗಿದ್ದು ಯಾವುದರಿಂದ? ನಾಯಿ ಔಷಧಿಯಿಂದ ಎಂದು ಹೇಳಲು ಆಧಾರವಿಲ್ಲ. ಆದರೆ 2019ರಲ್ಲಿ ಆ ವೀಡಿಯೊ ದಕ್ಷಿಣ ಕೊರಿಯಾದಲ್ಲಿ ಹಬ್ಬಿ, ಅಲ್ಲಿ ಈ ಔಷಧಿ ಅಂಗಡಿಗಳಲ್ಲಿ ಸಿಗದಂತಾಯಿತು. ಸರ್ಕಾರ ಎಚ್ಚರಿಕೆ ಕೊಡಬೇಕಾಯಿತು. ಜಪಾನಿನ ವೈದ್ಯರು 2021ರಲ್ಲಿ ವರದಿ ಮಾಡಿದ ಒಬ್ಬ ರೋಗಿ ಎಂಬತ್ತರ ಅಜ್ಜಿ. ಶ್ವಾಸಕೋಶದ ಕ್ಯಾನ್ಸರ್‌ಗೆ ಒಳ್ಳೆಯ ಚಿಕಿತ್ಸೆ ನಡೆಯುತ್ತಿತ್ತು. ನಡುವೆ ಲಿವರ್‌ಗೆ ತೀವ್ರ ಹಾನಿಯಾಯಿತು. ವಿಚಾರಿಸಿದರೆ, ಅವರೇ ಫೆನ್‌ಬೆಂಡಜೋಲ್ ತರಿಸಿ ತಗೊಂಡಿದ್ದರು. ನಿಲ್ಲಿಸಿದ ಮೇಲೆ ಲಿವರ್ ಸುಧಾರಿಸಿತು. ಗಡ್ಡೆ ಮಾತ್ರ ಕುಗ್ಗಿರಲಿಲ್ಲ.

ಈ ಅಜ್ಜಿಯನ್ನು ನಾನು ಬೈಯಲಾರೆ. ನಿಮ್ಮ ಮನೆಯಲ್ಲಿ ಇಂಥ ಕಷ್ಟ ಬಂದು, ಯಾರೋ ವಾಟ್ಸಾಪಿನಲ್ಲಿ ವೀಡಿಯೊ ಕಳಿಸಿದರೆ, ನೇರ ಕ್ಯಾನ್ಸರ್ ವೈದ್ಯರಿಗೆ ಅದನ್ನೇ ತೋರಿಸಿ. ನಾಚಿಕೆ ಪಡಬೇಡಿ. ಆಗಲೇ ತಗೊಂಡಿದ್ದರೂ ಹೇಳಿ. ಮುಚ್ಚಿಟ್ಟರೆ ವೈದ್ಯರು ನಿಜವಾದ ಔಷಧಿಯದ್ದೇ ಅಡ್ಡಪರಿಣಾಮ ಎಂದುಕೊಂಡು ಒಳ್ಳೆಯ ಚಿಕಿತ್ಸೆಯನ್ನೇ ನಿಲ್ಲಿಸಿಬಿಡಬಹುದು.

ನಮ್ಮ ಕೊಟ್ಟಿಗೆಗೆ ಬರೋಣ. ದನದ ಆಲ್ಬೆಂಡಜೋಲ್ ಗುಳಿಗೆ, ಬೋಲಸ್ ಅಂತೀವಲ್ಲ, ಅದರಲ್ಲಿ 1.5 ಗ್ರಾಂ ಅಥವಾ 3 ಗ್ರಾಂ ಇರುತ್ತದೆ. ಶಾಲೆ, ಅಂಗನವಾಡಿಯಲ್ಲಿ ಮಕ್ಕಳಿಗೆ ಪುಕ್ಕಟೆ ಕೊಡುವ ಮಾತ್ರೆ 400 ಮಿಲಿಗ್ರಾಂ, ಒಂದರಿಂದ ಎರಡು ವರ್ಷದ ಮಗುವಿಗೆ ಅದರ ಅರ್ಧ. ದೊಡ್ಡ ಗುಳಿಗೆಯನ್ನು ಕತ್ತಿಯಿಂದ ಚೂರು ಮಾಡಿ "ಮಗೂಗೆ ಇಷ್ಟು ಸಾಕು" ಅನ್ನುವುದನ್ನು ದಯವಿಟ್ಟು ಬಿಡಿ. ಸರ್ಕಾರವೇ ಸರಿಯಾದ ಮಾತ್ರೆ ಕೈಗೆ ಕೊಡುತ್ತಿರುವಾಗ ಈ ಸಾಹಸ ಯಾಕೆ?

ದನ, ನಾಯಿಗಳ ಮೈಗೆ ಅಂಟಿ ರಕ್ತ ಹೀರುವ ಉಣ್ಣೆ ಹುಳುವಿಗೆ ಹಾಕುವ ಔಷಧಿ ಇನ್ನೂ ಅಪಾಯ. ಅಮಿಟ್ರಾಜ್ ಇರುವ ದ್ರಾವಣವನ್ನು ನೀರಿಗೆ ಬೆರೆಸಿ ದನಕ್ಕೆ, ನಾಯಿಗೆ ಸವರುತ್ತೀರಿ. ಉಣ್ಣೆ ಸಾಯುತ್ತದೆ ಅಂದಮೇಲೆ ಹೇನೂ ಸಾಯಬೇಕಲ್ಲ ಅಂತ ಮಗುವಿನ ತಲೆಗೆ ಹಚ್ಚುವ ಯೋಚನೆ ಕೆಲವರಿಗೆ ಬರುತ್ತದೆ. ಬೇಡ. ಚರ್ಮದಿಂದಲೂ ಇದು ಒಳಗೆ ಹೋಗುತ್ತದೆ. ಮಗು ಮಂಪರಾಗುತ್ತದೆ, ಎದೆಬಡಿತ ನಿಧಾನವಾಗುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಕಣ್ಣಿನ ಪಾಪೆ ಚಿಕ್ಕದಾಗುತ್ತದೆ. ನೋಡಿದ ವೈದ್ಯರಿಗೆ ಬೆಳೆಗೆ ಹೊಡೆಯುವ ಕೀಟನಾಶಕದ ವಿಷ ಅನ್ನಿಸಬಹುದು, ಲಕ್ಷಣ ಅಷ್ಟು ಹತ್ತಿರ. ಆದರೆ ಆ ವಿಷಕ್ಕಿರುವ ಚಿಕಿತ್ಸೆ ಇದಕ್ಕೆ ಅಲ್ಲ. ಅಮಿಟ್ರಾಜ್‌ಗೆ ನೇರ ಪ್ರತಿವಿಷವೂ ಇಲ್ಲ. ಉಸಿರು, ಎದೆಬಡಿತ ನೋಡಿಕೊಳ್ಳುತ್ತಾ ಕಾಯಬೇಕು. ಅದಕ್ಕೇ ಬಾಟಲಿಯನ್ನು ಆಸ್ಪತ್ರೆಗೆ ತಗೊಂಡು ಹೋಗುವುದು ಅಷ್ಟು ಮುಖ್ಯ.

ತಾವಾಗಿಯೇ ತಗೊಳ್ಳದಿದ್ದರೂ ಮೈಗೆ ಹೋಗುವುದು ಇನ್ನೊಂದು ಬಗೆ. ಕಾಲುಬಾಯಿ ಜ್ವರದ ಲಸಿಕೆ ಹಾಕುವಾಗ ಹಸು ಮೈ ಒದರಿ, ಸೂಜಿ ಹಿಡಿದುಕೊಂಡವರ ಬೆರಳಿಗೆ ಚುಚ್ಚುವುದುಂಟು. ಆ ಲಸಿಕೆ ಎಣ್ಣೆಯಲ್ಲಿ ಕಲಸಿದ್ದು. ಬೆರಳಿನೊಳಗೆ ಒಂದೆರಡು ಹನಿ ಹೋದರೂ ಊದಿಕೊಂಡು ರಕ್ತ ಓಡಾಟ ನಿಲ್ಲಬಹುದು. ಸಣ್ಣ ಗಾಯ ಅಂತ ಅರಿಶಿನ ಹಚ್ಚಿ ಸುಮ್ನೆ ಕೂರಬೇಡಿ. ಅವತ್ತೇ ಸರ್ಜನ್ ನೋಡಬೇಕು, "ಎಣ್ಣೆ ಇರುವ ಲಸಿಕೆ" ಎಂದು ಬಾಯಿಬಿಟ್ಟು ಹೇಳಬೇಕು. ಹೆಣ್ಣು ಕರುಗಳಿಗೆ ಹಾಕುವ ಬ್ರುಸೆಲ್ಲಾ (ಕಂದು ಹಾಕುವ ರೋಗ) ಲಸಿಕೆಯಲ್ಲಿ ಜೀವಂತ ರೋಗಾಣು ಇರುತ್ತದೆ. ಅದು ಚುಚ್ಚಿಕೊಂಡರೆ ಅಥವಾ ಕಣ್ಣಿಗೆ ಸಿಡಿದರೆ ಮನುಷ್ಯರಿಗೂ ಆ ರೋಗ ಬರಬಹುದು. ಕೈಗವಸು, ಕನ್ನಡಕ ಹಾಕದೆ ಆ ಲಸಿಕೆ ಹಾಕಬಾರದು, ಹಿಡಿದುಕೊಳ್ಳುವವರೂ ಹಾಕಿಕೊಳ್ಳಬೇಕು.

ಚಿಕ್ಕ ಮಕ್ಕಳ ಬಗ್ಗೆ ಒಂದು ಮಾತು. ಅಮೆರಿಕದ ಒಹಾಯೊ ರಾಜ್ಯದ ಒಂದು ವಿಷ ಮಾಹಿತಿ ಕೇಂದ್ರಕ್ಕೆ 1999ರಿಂದ 2013ರವರೆಗೆ, ಮಕ್ಕಳು ಪ್ರಾಣಿಗಳ ಔಷಧಿಗೆ ಒಡ್ಡಿಕೊಂಡ 1,431 ಕರೆಗಳು ಬಂದಿದ್ದವು. ನೂರಕ್ಕೆ ಸುಮಾರು 88 ಮಕ್ಕಳು ಐದು ವರ್ಷ ಅಥವಾ ಅದಕ್ಕಿಂತ ಚಿಕ್ಕವರು. ನಾಯಿಯ ಮಾತ್ರೆಗಳಿಗೆ ಈಗ ಮಾಂಸದ ರುಚಿ ಸೇರಿಸಿರುತ್ತಾರೆ, ಅಗಿದು ತಿನ್ನುವ ಹಾಗಿರುತ್ತವೆ. ಅನ್ನದಲ್ಲಿ ಕಲಸಿ ಇಟ್ಟದ್ದನ್ನು ನಾಯಿ ಅರ್ಧ ಬಿಡುತ್ತದೆ, ಅಂಬೆಗಾಲಿಡುವ ಮಗು ಅದನ್ನೇ ಬಾಯಿಗೆ ಹಾಕಿಕೊಳ್ಳುತ್ತದೆ. ನಾಯಿ ನುಂಗುವವರೆಗೂ ಮಗುವನ್ನು ಬೇರೆ ಕೋಣೆಯಲ್ಲಿಡಿ. ಮನೆಯವರ ಔಷಧಿ ಇರುವ ಡಬ್ಬಿಯಲ್ಲಿ ಪ್ರಾಣಿಗಳ ಔಷಧಿ ಇಡಬೇಡಿ. ರಾತ್ರಿ ಕನ್ನಡಕ ಇಲ್ಲದ ಅಜ್ಜಿಗೆ ಎರಡು ಸ್ಟ್ರಿಪ್‌ಗಳ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇಷ್ಟು ಹೇಳಿ, ಜನ ಯಾಕೆ ಹೀಗೆ ಮಾಡುತ್ತಾರೆ ಎಂದು ಕೇಳಿಕೊಳ್ಳದಿದ್ದರೆ ನನ್ನ ಮಾತು ಅರ್ಧವಾಗುತ್ತದೆ. ಪಶು ಆಸ್ಪತ್ರೆ ಊರಲ್ಲೇ ಇದೆ, ಮನುಷ್ಯರ ಆಸ್ಪತ್ರೆ ಬಸ್ಸು ಹತ್ತಿ ಹೋಗಬೇಕು. ಒಂದು ದಿನದ ಕೂಲಿ ಹೋಗುತ್ತದೆ. ಅಲ್ಲಿ ಸಾಲಿನಲ್ಲಿ ನಿಂತರೆ ಎರಡು ನಿಮಿಷವೂ ಮಾತು ಕೇಳುವುದಿಲ್ಲ. ಹಸುವಿಗೆ ಕಾಯಿಲೆ ಬಂದರೆ ಹಾಲಿನ ದುಡ್ಡು ನಿಲ್ಲುತ್ತದೆ, ಹಾಗಾಗಿ ತಕ್ಷಣ ಡಾಕ್ಟ್ರು ಬರುತ್ತಾರೆ. ಮನೆಯೊಡತಿಯ ಮಂಡಿ ನೋವು ವರ್ಷಗಟ್ಟಲೆ ಹಾಗೇ ಇರುತ್ತದೆ. ಇದು ನೋವಿನ ವಿಷಯ. ಅಮೆರಿಕದಲ್ಲಿ ಮೀನಿನ ತೊಟ್ಟಿಗೆಂದು ಮಾರುತ್ತಿದ್ದ ಅಮಾಕ್ಸಿಸಿಲಿನ್ ಕ್ಯಾಪ್ಸೂಲನ್ನು ಜನ ನುಂಗುತ್ತಿದ್ದುದಕ್ಕೂ ಒಂದು ಕಾರಣ ಆಸ್ಪತ್ರೆಯ ಖರ್ಚೇ. ನಮ್ಮಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋವಿನ ಮಾತ್ರೆ ಪುಕ್ಕಟೆ, ಜನೌಷಧಿ ಅಂಗಡಿಯಲ್ಲಿ ಅಗ್ಗ. ಒಂದು ಸಲ ಹೋಗಿ ಬನ್ನಿ ಎಂದು ಕೈಮುಗಿದು ಕೇಳುತ್ತೇನೆ. ಮಂಡಿ ನೋವಿಗೆ ದನದ ಇಂಜೆಕ್ಷನ್ ಹಾಕಿಸಿಕೊಂಡರೆ ಮೂತ್ರಪಿಂಡ ಕೆಡಬಹುದು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು.

ಔಷಧಿಯ ಮೇಲಿನ ಬರಹದ ಬಗ್ಗೆಯೂ ನನಗೆ ತಕರಾರಿದೆ. 1945ರ ಔಷಧ ನಿಯಮಗಳ ಪ್ರಕಾರ ಪಶು ಔಷಧಿಯ ಮೇಲೆ "ಮನುಷ್ಯರ ಬಳಕೆಗಲ್ಲ, ಪ್ರಾಣಿಗಳ ಚಿಕಿತ್ಸೆಗೆ ಮಾತ್ರ" ಎಂದು ಎದ್ದು ಕಾಣುವಂತೆ ಬರೆದಿರಬೇಕು, ಸಾಕುಪ್ರಾಣಿಯ ತಲೆಯ ಚಿತ್ರವೂ ಇರಬೇಕು. ನಮ್ಮ ಕೈಗೆ ಬರುವ ಬಾಟಲಿಗಳಲ್ಲಿ ಆ ಸಾಲು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಕನ್ನಡದಲ್ಲಿ ದೊಡ್ಡದಾಗಿ ಇರಬೇಕು. ಅಲ್ಲಿವರೆಗೆ ಆ ಪ್ರಾಣಿ ತಲೆಯ ಚಿತ್ರವನ್ನು ಮನೆಯವರಿಗೆಲ್ಲ ತೋರಿಸಿ, ಓದಲು ಬಾರದವರಿಗೂ ಅದು ಅರ್ಥವಾಗುತ್ತದೆ.

ಯಾರಾದರೂ ನುಂಗಿಬಿಟ್ಟರೆ ಏನು ಮಾಡಬೇಕು? ವಾಂತಿ ಮಾಡಿಸಲು ಹೋಗಬೇಡಿ. ಉಣ್ಣೆ ಔಷಧಿಯಂಥ ದ್ರಾವಣಗಳು ವಾಂತಿಯ ಜೊತೆ ಶ್ವಾಸಕೋಶಕ್ಕೆ ಹೋದರೆ ಇನ್ನೂ ಕಷ್ಟ. ಮೈಗೆ ಬಿದ್ದಿದ್ದರೆ ಬಟ್ಟೆ ಬಿಚ್ಚಿ ಸೋಪು ನೀರಿನಲ್ಲಿ ತೊಳೆಯಿರಿ. 108ಕ್ಕೆ ಕರೆ ಮಾಡಿ. ಬಾಟಲಿ, ಸ್ಟ್ರಿಪ್, ಡಬ್ಬಿ, ಏನಿದೆಯೋ ಅದನ್ನು ಜೊತೆಗೆ ಒಯ್ಯಿರಿ. ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ, 1800 116 117 ಪುಕ್ಕಟೆ ನಂಬರು. ನಿಮ್ಮ ಪಶುವೈದ್ಯರಿಗೂ ಒಂದು ಫೋನ್ ಮಾಡಿ. ಆ ಔಷಧಿಯಲ್ಲಿ ಏನಿದೆ, ಎಷ್ಟಿದೆ ಎಂದು ಆಸ್ಪತ್ರೆಯ ವೈದ್ಯರಿಗೆ ನಾವು ಹೇಳಬಹುದು. ರಾತ್ರಿ ಎಷ್ಟು ಹೊತ್ತಾಗಿದ್ದರೂ ಮಾಡಿ.

ಮಾತು ಮುಗಿದ ಮೇಲೆ ಒಬ್ಬರು ಅಕ್ಕ ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸಬೇಕು. "ನಮ್ಮ ನಾಯಿಗೆ ಹಾಕಿಸೋ ರೇಬೀಸ್ ಲಸಿಕೆ ಫ್ರಿಜ್ಜಲ್ಲಿ ಒಂದು ಉಳಿದಿದೆ ಸಾರ್. ಬೀದಿನಾಯಿ ಕಚ್ಚಿದ್ರೆ ಅದನ್ನೇ ಹಾಕಿಸ್ಕೋಬಹುದಾ?"

ಬೇಡ ಅಕ್ಕಾ. ನಾಯಿಯ ಲಸಿಕೆಯನ್ನು ಮನುಷ್ಯರಿಗೆಂದು ತಯಾರಿಸಿಲ್ಲ, ಪರೀಕ್ಷಿಸಿಲ್ಲ. ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ, ಅಲ್ಲಿ ಅಂದಾಜಿನ ಕೆಲಸ ನಡೆಯುವುದಿಲ್ಲ. ಕಚ್ಚಿದ ಕೂಡಲೇ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ ಏನೂ ಹಚ್ಚಬೇಡಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಮನುಷ್ಯರ ಲಸಿಕೆ ಪುಕ್ಕಟೆ ಹಾಕುತ್ತಾರೆ. ಮೊದಲ ದಿನ ಒಂದು ಸಲ ಹಾಕಿಸಿಕೊಂಡು, ಆಮೇಲೆ 3ನೇ, 7ನೇ, 28ನೇ ದಿನ ತಪ್ಪದೆ ಹೋಗಬೇಕು. ರಕ್ತ ಬರುವ ಹಾಗೆ ಕಚ್ಚಿದ್ದರೆ ಗಾಯದ ಸುತ್ತ ಹಾಕುವ ಇನ್ನೊಂದು ಇಂಜೆಕ್ಷನ್ ಇದೆ, ಇಮ್ಯುನೊಗ್ಲಾಬ್ಯುಲಿನ್ ಅಂತ, ಅದನ್ನೂ ಕೇಳಿ ಹಾಕಿಸಿಕೊಳ್ಳಿ. ಫ್ರಿಜ್ಜಿನಲ್ಲಿರುವ ಲಸಿಕೆಯನ್ನು ಸೋಮವಾರ ನಮ್ಮ ಆಸ್ಪತ್ರೆಗೆ ತನ್ನಿ. ತಾರೀಖು ನೋಡಿ, ಸರಿಯಿದ್ದರೆ ನಿಮ್ಮ ನಾಯಿಗೇ ಹಾಕೋಣ.